ತವರಿನ ಸೂಜಿ, ಅತ್ತೆಮನೆಯ ಮಗ್ಗ

ಬೆಳವಲದ ಹಳೆಯ ಮನೆಗಳಿಗೆ ಕಿಟಕಿಗಳು ವಿರಳ. ಎರೆಸೀಮೆಯ ಬಿಸಿಲಿಗೂ ಗಾಳಿಗೂ ಬೆನ್ನು ತಿರುಗಿಸಿ ಕುಳಿತ ಆ ದಪ್ಪ ಗೋಡೆಯ ಮಾಳಿಗೆಗಳಲ್ಲಿ, ಮೇಲ್ಮುದ್ದೆಯ ನಡುವೆ ತೆರೆದ ಬೆಳಕಿಂಡಿಯೊಂದರಿಂದ ಮೊಳದಗಲದ ಬಿಸಿಲು ಒಳಗಿಳಿದು, ಮುಂಜಾನೆ ಪಡುವಣ ಗೋಡೆಯ ಮೇಲಿದ್ದದ್ದು ಮಧ್ಯಾಹ್ನಕ್ಕೆ ಪಡಸಾಲೆಯ ನಟ್ಟನಡುವಿಗೆ ಬಂದು, ಇಳಿಹೊತ್ತಿಗೆ ಮೂಡಣ ಗೋಡೆಯನ್ನೇರಿ ಮಾಯವಾಗುತ್ತದೆ. ನವಲಗುಂದದ ಕಡೆಯ ಅಂಥದೊಂದು ಮನೆಯಲ್ಲಿ, ಊಟ ಮುಗಿದು, ಮುಸುರೆಯ ಕೆಲಸವಾಗಿ, ಎಮ್ಮೆಗಳು ಮೇವಿನಿಂದ ಮರಳುವುದಕ್ಕೆ ಇನ್ನೂ ಎರಡು ತಾಸು ಇರುವಾಗ, ನನ್ನ ಸೋದರತ್ತೆ ಆ ಬಿಸಿಲಿನ ತುಂಡಿನೊಳಗೆ ಸೀರೆಯ ಸೆರಗನ್ನು ಹರವಿಕೊಂಡು ಕುಳಿತುಕೊಳ್ಳುವಳು. ಬಿಸಿಲು ಸರಿದಂತೆ ತಾನೂ ಅಷ್ಟಷ್ಟೇ ಸರಿಯುವಳು. ಬಿಸಿಲು ಗೋಡೆ ಹತ್ತಿದೊಡನೆ ಸೂಜಿಯನ್ನು ಕುಬಸದ ತೋಳಿಗೆ ಚುಚ್ಚಿಕೊಂಡು ಏಳುವಳು. ದೀಪ ಹಚ್ಚಿದ ಮೇಲೆ ಸೂಜಿ ಹಿಡಿಯಬಾರದು, ಕಡ ಕೊಡಬಾರದು, ಅಂಗಡಿಯಲ್ಲಿ ಅದರ ಹೆಸರನ್ನೂ ಎತ್ತಬಾರದು ಎಂಬ ನಿಷೇಧ ನಮ್ಮ ಸೀಮೆಯಲ್ಲಿ ಇದ್ದದ್ದೇ. ಎಣ್ಣೆಯ ದೀಪದ ಬೆಳಕಿನಲ್ಲಿ ಕರಿಯ ಬಟ್ಟೆಯ ಎಳೆ ಎಣಿಸಹೊರಟವಳ ಕಣ್ಣು ಏನಾಗುವುದೆಂಬುದನ್ನು ಅರಿತ ಯಾವಳೋ ಹಿರಿಯಳು ಈ ನಿಷೇಧವನ್ನು ಹುಟ್ಟಿಸಿರಬೇಕೆಂದು ನನ್ನ ಊಹೆ.

ಇದನ್ನು ಅವಳು ‘ಹವ್ಯಾಸ’ವೆಂದು ಕರೆದುದನ್ನು ನಾನು ಕೇಳಲಿಲ್ಲ. ಗ್ರಾಂಥಿಕ ಕನ್ನಡದಲ್ಲಿ ಇಂದು ಸೌಮ್ಯವಾಗಿ ತೋರುವ ಈ ಶಬ್ದಕ್ಕೆ, ನಮ್ಮ ಸೀಮೆಯ ಕಿವಿಗೆ ಸದಾ ಬೀಳುತ್ತಿದ್ದ ಮರಾಠಿಯಲ್ಲಿ, ಅತ್ಯಾಸೆಯೆಂಬ ಅರ್ಥವಿದೆ. ಬಿಡುವಿನ ಕೆಲಸವನ್ನು ಆ ಹೆಸರಿನಿಂದ ಕರೆದಿದ್ದರೆ ಅತ್ತೆಗೆ ಅದು ಬೈಗುಳವಾಗಿ ಕೇಳಿಸುತ್ತಿತ್ತೇನೋ. ಅವಳ ಮಾತಿನಲ್ಲಿ ಅದು ‘ಕೈಗೊಂದು ಕೆಲಸ’. ಬತ್ತಿ ಹೊಸೆಯುವುದು, ಗೆಜ್ಜೆವಸ್ತ್ರ ಮಾಡುವುದು, ಶಾವಿಗೆ ಹೊಸೆಯುವುದು, ಕೌದಿ ಹೊಲಿಯುವುದು, ಕಸೂತಿ ತೆಗೆಯುವುದು, ಇವೆಲ್ಲವೂ ಮಗು ಅತ್ತರೆ ನಡುವೆ ಬಿಟ್ಟೇಳಬಹುದಾದ, ಮತ್ತೆ ಬಂದು ಬಿಟ್ಟಲ್ಲಿಂದಲೇ ಹಿಡಿಯಬಹುದಾದ ಕೆಲಸಗಳೆಂಬ ಒಂದೇ ಕುಲಕ್ಕೆ ಸೇರಿದವು. ಅವುಗಳಲ್ಲಿ ಕಸೂತಿಯೊಂದೇ ಮಾತನಾಡುತ್ತ ಮಾಡಲಾಗದ ಕೆಲಸ. ಏಕೆಂದರೆ ಅಲ್ಲಿ ಎಣಿಕೆಯುಂಟು.

‘ಕೈ’ ಮತ್ತು ‘ಸೂತಿ’, ಎಂದರೆ ಕೈಯಿಂದ ಮಾಡಿದ ನೂಲಿನ ಕೆಲಸ, ಎಂದು ಈ ಹೆಸರನ್ನು ಬಿಡಿಸಿ ಹೇಳುವುದು ವಾಡಿಕೆ. ಬಟ್ಟೆಯ ಮೇಲೆ ಮೊದಲು ಗೆರೆಯೆಳೆದುಕೊಳ್ಳುವ ಪದ್ಧತಿ ಇದಕ್ಕಿಲ್ಲ; ಹಾಸು ಹೊಕ್ಕುಗಳ ಎಳೆಗಳನ್ನೇ ಎಣಿಸಿ, ಎಣಿಸಿದಷ್ಟರ ಮೇಲೆ ಸೂಜಿಯಿಳಿಸಿ ಚಿತ್ರವನ್ನು ಮೂಡಿಸಬೇಕು. ಹೊಲಿಗೆಗಳು ನಾಲ್ಕು: ಗಾವಂತಿ, ಮುರ್ಗಿ, ನೇಯ್ಗಿ, ಮೆಂತೆ. ಮೆಂತೆಯೆಂದರೆ ಮೆಂತೆಯ ಕಾಳಿನಂತೆ ಒತ್ತೊತ್ತಾಗಿ ಕೂರುವ ಅಡ್ಡಗತ್ತರಿ. ನೇಯ್ಗಿ, ಹೆಸರೇ ಹೇಳುವಂತೆ, ಬಟ್ಟೆಯಲ್ಲಿ ನೇಯ್ದೇ ಬಂದಿತೆಂದು ಕಣ್ಣನ್ನು ನಂಬಿಸುವ ಉದ್ದೆಳೆಯ ಹೊಲಿಗೆ. ಮುರ್ಗಿ, ಮೆಟ್ಟಿಲು ಮೆಟ್ಟಿಲಾಗಿ ಮುರಿದು ಏರುವುದು. ಗಾವಂತಿಯ ಹೆಸರು ‘ಗಂಟು’ ಎಂಬುದರಿಂದ ಬಂದಿತೆಂದು ಕೆಲವರು ಬರೆದಿದ್ದಾರೆ. ಮೊದಲಿಗಾಗಲಿ ಕೊನೆಗಾಗಲಿ ಗಂಟೇ ಹಾಕಕೂಡದೆಂಬ ಕಸೂತಿಯಲ್ಲಿ ಪ್ರಧಾನವಾದ ಹೊಲಿಗೆಗೆ ಗಂಟಿನ ಹೆಸರೆಂದರೆ ನನಗೆ ನಗು ಬರುತ್ತದೆ.

ಗಾವಂತಿಯನ್ನು ಹತ್ತಿರದಿಂದ ನೋಡಬೇಕು. ತುಳಸಿಯ ಕಟ್ಟೆಯೊಂದನ್ನು ತೆಗೆಯಬೇಕೆಂದಿಟ್ಟುಕೊಳ್ಳಿ. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ, ಹೀಗೆ ಸೂಜಿ ಬಟ್ಟೆಯ ಮೇಲೂ ಅಡಿಗೂ ಓಡಿ, ಕಟ್ಟೆಯ ಅಂಚನ್ನು ಬಳಸಿ, ದಾರಿಯಲ್ಲಿ ಕವಲೊಡೆದ ಪ್ರತಿಯೊಂದು ರೆಂಬೆಗೂ ಹೋಗಿ ಬಂದು, ತುದಿ ಮುಟ್ಟಿದಾಗ ಬಟ್ಟೆಯ ಮೇಲೆ ಇರುವುದು ಅರ್ಧ ಚಿತ್ರ ಮಾತ್ರ: ಒಂದು ಗೆರೆ, ಒಂದು ಖಾಲಿ, ಒಂದು ಗೆರೆ, ಒಂದು ಖಾಲಿ. ಅಲ್ಲಿಂದ ಸೂಜಿ ಬಂದ ದಾರಿಯನ್ನೇ ಹಿಡಿದು ಹಿಂದಿರುಗುತ್ತದೆ. ಹೋಗುವಾಗ ಮೇಲೆ ಬಿಟ್ಟದ್ದನ್ನು ಬರುವಾಗ ತುಂಬುತ್ತದೆ, ಅಡಿಗೆ ಬಿಟ್ಟದ್ದನ್ನು ಅಡಿಗೆ ತುಂಬುತ್ತದೆ. ಹೊರಟಲ್ಲಿಗೇ ಬಂದು ನಿಂತಾಗ ಬಟ್ಟೆಯ ಎರಡೂ ಮಗ್ಗಲುಗಳಲ್ಲಿ ಒಂದೇ ಚಿತ್ರ. ಹೋಗುವ ದಾರಿಯಲ್ಲಿ ಒಂದೇ ಒಂದು ಎಳೆ ತಪ್ಪಿದರೂ ಬರುವ ದಾರಿಯಲ್ಲಿ ಸೂಜಿಗೆ ಹಿಂದಿನ ತೂತು ಸಿಗದು, ಬಿಚ್ಚಲೇಬೇಕು. ಆದುದರಿಂದ ಕಸೂತಿಯನ್ನು ತೋರಿಸಲು ತಂದ ಹುಡುಗಿಯರಿಗೆ ಅತ್ತೆ ಹೇಳುತ್ತಿದ್ದ ಮೊದಲ ಮಾತು, “ತಿರುವಿ ಹಿಡಿಯವ್ವಾ, ಬೆನ್ನ ನೋಡ್ತೀನಿ ಮೊದಲ. ಮಾರಿ ಆಮ್ಯಾಲ ನೋಡಿದ್ರಾತು.”

ಈ ಹೋಗಿಬರುವ ಹೊಲಿಗೆ ನಮ್ಮದೊಂದೇ ಅಲ್ಲ. ಎಂಟನೆಯ ಹೆನ್ರಿಯ ಕಾಲದ ಇಂಗ್ಲೆಂಡಿನ ಶ್ರೀಮಂತರ ಕೊರಳಪಟ್ಟಿಗಳ ಮೇಲೆ ಇದೇ ಬಗೆಯ ಕರಿಯ ಗೆರೆಗಳನ್ನು ಚಿತ್ರಕಾರ ಹಾನ್ಸ್ ಹೋಲ್ಬೈನ್ (1497–1543) ಎಷ್ಟು ನಿಷ್ಠೆಯಿಂದ ಬರೆದನೆಂದರೆ, ಯುರೋಪಿನಲ್ಲಿ ಆ ಹೊಲಿಗೆಗೆ ಅವನ ಹೆಸರೇ ನಿಂತುಹೋಯಿತು. ಹೊಲಿದ ಹೆಂಗಸರ ಹೆಸರು ಅಲ್ಲಿಯೂ ಉಳಿಯಲಿಲ್ಲ. ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು, ಒಂದನ್ನೂ ಎರಡು ಸಲ ದಾಟದೆ, ಸುತ್ತಿ ಬರಲಾಗದೆಂದು ಗಣಿತಜ್ಞ ಆಯ್ಲರ್ 1736ರಲ್ಲಿ ಸಾಧಿಸಿದುದನ್ನು ಓದಿದಾಗ ನನಗೆ ನೆನಪಾದದ್ದು ಅತ್ತೆಯ ತುಳಸಿಕಟ್ಟೆ. ಪ್ರತಿಯೊಂದು ಗೆರೆಯ ಮೇಲೆ ಎರಡು ಸಲ ನಡೆಯುವುದಾದರೆ, ಬಿಡಿಯಾಗದೆ ಒಂದಕ್ಕೊಂದು ಕೂಡಿಕೊಂಡ ಎಂತಹ ಜಟಿಲವಾದ ಆಕೃತಿಯನ್ನಾದರೂ ಸುತ್ತಿ ಹೊರಟಲ್ಲಿಗೇ ಮರಳಬಹುದೆಂಬುದು ಅದೇ ತರ್ಕದ ಇನ್ನೊಂದು ಮುಖ. ಅಕ್ಷರ ಬಾರದ ಹೆಂಗಸರು ಅದನ್ನು ಬೆರಳಿನಲ್ಲಿ ಬಲ್ಲವರಾಗಿದ್ದರು.

ಕಸೂತಿ ಚಾಲುಕ್ಯರ ಕಾಲದ್ದೆಂದು ಹೇಳುವುದು ಈಚೆಗೆ ರೂಢಿಯಾಗಿದೆ. ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ವಸ್ತ್ರೋಪಭೋಗವೆಂಬ ಪ್ರಕರಣವೇ ಇರುವುದು ನಿಜ, ಆದರೆ ಬಟ್ಟೆ ಕಲ್ಲಲ್ಲ, ನಮ್ಮ ಹವೆಯಲ್ಲಿ ಒಂಬೈನೂರು ವರ್ಷ ಬಾಳುವ ಸೀರೆಯಿಲ್ಲ. ರಾಜವಂಶದ ಹೆಸರನ್ನು ಹಚ್ಚದೆ ಹೆಂಗಸರ ಕೆಲಸಕ್ಕೆ ಗೌರವ ಬಾರದೆಂದು ತಿಳಿಯುವುದೇ ಒಂದು ದೌರ್ಬಲ್ಯ. ಅಣ್ಣಿಗೇರಿಯ ಅಮೃತೇಶ್ವರನ ಗುಡಿಯನ್ನು, 11ನೆಯ ಶತಮಾನದ ಆ ಬಳಪದ ಕಲ್ಲಿನ ಶಿಖರವನ್ನು, ನೋಡಿ ಬಂದವರಿಗೆ ಮಾತ್ರ ಬೇರೊಂದು ಸಂಗತಿ ಹೊಳೆಯದಿರದು: ಅಂತಸ್ತಂತಸ್ತಾಗಿ ಕಿರಿದಾಗುತ್ತ ಏರುವ ಆ ಶಿಖರ ಮುರ್ಗಿಯ ಸೂಜಿಗೆ ಹೇಳಿ ಮಾಡಿಸಿದಂತಿದೆ. ಎಳೆ ಎಣಿಸುವ ಕೆಲಸದಲ್ಲಿ ಬಾಗಿದ ಗೆರೆ ಬರಲಾರದು, ಬಾಗಬೇಕಾದದ್ದೆಲ್ಲ ಮೆಟ್ಟಿಲಾಗಬೇಕು. ಆದುದರಿಂದಲೇ ಕಸೂತಿಯ ಆನೆಗೆ ಕಟ್ಟಡದ ಗಾಂಭೀರ್ಯ. ನವಿಲಿನ ಗರಿಯೂ ಅಲ್ಲಿ ಚೌಕ. ಗೋಪುರ, ತೇರು, ಪಲ್ಲಕ್ಕಿ, ತೊಟ್ಟಿಲುಗಳಂತೂ ತಮ್ಮ ಮನೆಗೆ ಬಂದಂತೆ ಬಂದು ಕೂರುತ್ತವೆ. ತೊಟ್ಟಿಲೆಂದೆ, ಕಲಘಟಗಿಯ ಬಡಿಗರ ಬಣ್ಣದ ತೊಟ್ಟಿಲು ನಮ್ಮ ಜಿಲ್ಲೆಗೆಲ್ಲ ಹೆಸರಾದದ್ದು. ಚೊಚ್ಚಿಲ ಮಗುವಿನ ತೊಟ್ಟಿಲು ಕಲಘಟಗಿಯಿಂದ, ಅದರೊಳಗಿನ ಕುಲಾವಿ ಕುಂಚಿಗೆಗಳ ಮೇಲಿನ ಕಸೂತಿಯ ತೊಟ್ಟಿಲು ತವರಿನಿಂದ.

ತವರು ಎಂಬ ಮಾತೇ ಇಲ್ಲಿ ಮುಖ್ಯ. ಮದುಮಗಳಿಗೆ ಕೊಡುವ ಕರಿಯ ಚಂದ್ರಕಾಳಿ ಸೀರೆಯ ಮೇಲೆ, ಇಳಕಲ್ಲಿನ ಸೀರೆಯ ಕೆಂಪು ಸೆರಗಿನ ಅಂಚಿನಲ್ಲಿ, ಗುಳೇದಗುಡ್ಡದ ಖಣದ ಕುಬಸದ ಜೊತೆಗೆ ಹೊಂದುವಂತೆ, ತಾಯಿಯೂ ಅಜ್ಜಿಯೂ ಮಗಳೂ ಕೂಡಿ ವರ್ಷಗಟ್ಟಲೆ ಹಾಕಿದ ಕಸೂತಿ, ಮಗಳೊಡನೆ ಗಾಡಿ ಹತ್ತಿ ಬೇರೊಂದು ಊರಿಗೆ ಹೋಗುತ್ತಿತ್ತು. ಆ ಊರು ಬೇರೊಬ್ಬ ದೊರೆಯದಾಗಿರಬಹುದು. 1948ರವರೆಗೆ ಕುಂದಗೋಳ ಜಮಖಂಡಿಯ ಪಟವರ್ಧನರದು, ಲಕ್ಷ್ಮೇಶ್ವರ ಮೀರಜಿನವರದು, ಸವಣೂರು ನವಾಬನದು. ನವಲಗುಂದ, ಕಲಘಟಗಿಗಳು ಮುಂಬಯಿ ಸರಕಾರದವು. ಒಂದು ದಿನದ ಎತ್ತಿನಗಾಡಿಯ ಪ್ರಯಾಣದಲ್ಲಿ ಮೂರು ಸರಕಾರಗಳನ್ನು ದಾಟಬೇಕಾಗಿದ್ದ ಈ ಹರಕು ಭೂಪಟದ ಮೇಲೆ, ಬೀಗತನಕ್ಕೆ ಯಾವ ಗಡಿಯೂ ಇರಲಿಲ್ಲವಾದ್ದರಿಂದ, ಕಸೂತಿಗೂ ಇರಲಿಲ್ಲ. ಸೊಸೆಯ ಸೀರೆಯ ಮೇಲಿನ ಹೊಸ ಬಗೆಯ ನವಿಲನ್ನು ಅತ್ತೆಮನೆಯ ಓಣಿಯವರು ನೋಡುವರು. ಎಣಿಸಿ ನೋಡಿದರೆ ಸಾಕು, ನವಿಲು ಅವರದೂ ಆಗುವುದು. ಬೆಳಗಾವಿಯಿಂದ ವಿಜಯಪುರದವರೆಗೆ ಹಬ್ಬಿದ ಈ ಕಲೆಗೆ ಗುರುಕುಲವಾಗಲಿ ಶ್ರೇಣಿಯಾಗಲಿ ಇಲ್ಲದಿದ್ದರೂ ಎಲ್ಲೆಡೆ ಅದೇ ನಾಲ್ಕು ಹೊಲಿಗೆಗಳು ಕಾಣುವುದಕ್ಕೆ ಕಾರಣ, ಹೆಣ್ಣುಮಕ್ಕಳು ಮದುವೆಯಾಗಿ ಊರು ಬಿಡುವರೆಂಬುದೇ.

ಇದಕ್ಕೆ ನೇರ ವಿರುದ್ಧವಾದ ನಿದರ್ಶನ ನವಲಗುಂದದಲ್ಲಿಯೇ ಇದೆ. ನವಿಲುಗಳ ಗುಡ್ಡದಿಂದ ಹೆಸರು ಪಡೆದ ಆ ಊರಿನ ಜಮಖಾನೆ ನೇಯುವವರು ಆದಿಲಶಾಹಿಯ ಕಾಲದಲ್ಲಿ ವಿಜಾಪುರದಿಂದ ಬಂದು ನೆಲೆಸಿದವರೆಂದು ಪರಂಪರೆ. ಮಗ್ಗವೆಂದರೆ ಗಂಡಸಿನದೆಂಬುದು ನಾಡಿನ ಬಹುಭಾಗದ ನಂಬಿಕೆಯಾದರೆ, ಇಲ್ಲಿ ನೇಯುವವರು ಮುಸಲ್ಮಾನ ಮನೆತನಗಳ ಹೆಂಗಸರು. ಮನೆಯೊಳಗೆ ಗೋಡೆಗೆ ಸಮವಾಗಿ ನೆಟ್ಟಗೆ ನಿಂತ ಮಗ್ಗದ ಮುಂದೆ ಕುಳಿತು, ಮುಂದೆ ನಕ್ಷೆಯ ಕಾಗದವೊಂದೂ ಇಲ್ಲದೆ, ಬಣ್ಣದ ಹತ್ತಿಯ ನೂಲನ್ನು ಬೆರಳಿನಿಂದ ತೂರಿಸಿ, ಪಂಜದಿಂದ ಬಡಿದು ಕೂರಿಸುತ್ತ ಹೋಗುವರು. ನೆಲಕ್ಕೆ ಹಾಸುವ ಜಮಖಾನೆ, ನಮಾಜಿಗೆ ಹಾಸುವ ಜಾನಮಾಜು, ಎತ್ತು ಕುದುರೆಗಳ ಬೆನ್ನ ಮೇಲಿನ ಗುದ್ದಾರು, ಇವು ಅವರ ಮುಖ್ಯ ಬಗೆಗಳು. ನವಿಲೂ ಪಗಡೆಯ ಹಾಸೂ ಅವರ ಮುಖ್ಯ ಚಿತ್ರಗಳು. ಮಳೆಗಾಲದ ಸಂಜೆ ನಿಜವಾದ ಪಗಡೆಯನ್ನು ಜಮಖಾನೆಯ ಮೇಲಿನ ಪಗಡೆಯ ಮೇಲೆಯೇ ಆಡಿದವರನ್ನು ನಾನು ಕಂಡಿದ್ದೇನೆ.

ಈ ವಿದ್ಯೆಯನ್ನು ಆ ಮನೆಗಳಲ್ಲಿ ಮಗಳಿಗೆ ಕಲಿಸದೆ ಸೊಸೆಗೆ ಕಲಿಸುವ ಪದ್ಧತಿಯಿತ್ತು. ಮಗಳು ನಾಳೆ ಪರರ ಮನೆಗೆ ಹೋಗುವವಳು. ಅವಳ ಕೈಯೊಡನೆ ಗುಟ್ಟು ಊರು ದಾಟುವುದು. ಸೊಸೆಯಾದರೆ ಇಲ್ಲಿಯೇ ಬಾಳಿ ಇಲ್ಲಿಯೇ ಮಣ್ಣಾಗುವವಳು. ತಾಯಿ ನೇಯುವ ಮಗ್ಗದ ಸದ್ದನ್ನು ಕೇಳುತ್ತಲೇ ಬೆಳೆದ ಹುಡುಗಿ ಅದನ್ನು ಮುಟ್ಟದೆ ಗಂಡನ ಮನೆ ಸೇರುವಳು. ಎಲ್ಲಿಂದಲೋ ಬಂದ ಹುಡುಗಿ ಅದರ ಮುಂದೆ ಕೂರುವಳು. ಇದರಲ್ಲಿನ ಕ್ರೌರ್ಯ ಕಾಣದ್ದಲ್ಲ. ಆದರೆ ಹೊಟ್ಟೆಯ ಪಾಡಿನ ಕಸುಬಿಗೂ ಕೈಗೊಂದು ಕೆಲಸಕ್ಕೂ ಇರುವ ಅಂತರ ಇಷ್ಟು ನಿಚ್ಚಳವಾಗಿ ಬೇರೆಲ್ಲಿಯೂ ನನಗೆ ಕಂಡಿಲ್ಲ. ಮಾರಬೇಕಾದದ್ದನ್ನು ಸೊಸೆಯ ಕೈಗೂ, ಮಾರಬೇಕಾಗಿಲ್ಲದ್ದನ್ನು ಮಗಳ ಕೈಗೂ ಈ ಸೀಮೆ ಒಪ್ಪಿಸಿತು. ಫಲವಾಗಿ ಕಸೂತಿ ಜಿಲ್ಲೆಗಳನ್ನು ದಾಟಿತು, ಜಮಖಾನೆ ಒಂದು ಊರಿನ ಕೆಲವೇ ಓಣಿಗಳಲ್ಲಿ ನಿಂತಿತು. ಗುಟ್ಟು ಕಾದ ಮನೆಗಳಲ್ಲಿ ಕೊನೆಗೆ ಕಲಿಯುವ ಸೊಸೆಯರೇ ಕಡಿಮೆಯಾದರು. 2011ರಲ್ಲಿ ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಿಯ ಮುದ್ರೆ ದೊರೆತಾಗ ಕಾಯುವುದಕ್ಕೆ ಮಗ್ಗಗಳೇ ಅಷ್ಟಾಗಿ ಉಳಿದಿರಲಿಲ್ಲ.

ಮೂರನೆಯದೊಂದು ದಾರಿ ತೆರೆದದ್ದು ಶಾಲೆಯ ಮಣೆಯಿಂದ. ಮಂಗಳೂರಿಗೆ 1834ರಲ್ಲಿ ಬಂದಿಳಿದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದರು. ಪಾದ್ರಿಗಳ ಹೆಂಡಂದಿರು ನಡೆಸಿದ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು ಬರಹಗಳೊಡನೆ ಹೊಲಿಗೆ ಹೆಣಿಗೆಗಳೂ ಪಾಠಗಳಾದವು. ಇದು ಆ ಕಾಲದ ಮಿಶನ್ನುಗಳಿಗೆಲ್ಲ ಸಮಾನವಾದ ರೀತಿ. ತಿರುವಾಂಕೂರಿನ ನಾಗರಕೋವಿಲಿನಲ್ಲಿ ಮಾರ್ಥಾ ಮಾಲ್ಟ್ ಎಂಬಾಕೆ 1820ರ ಸುಮಾರಿಗೇ ಲೇಸು ಹೆಣೆಯುವುದನ್ನು ಕಲಿಸತೊಡಗಿದ್ದಳು. ಗೋದಾವರಿಯ ಮುಖದ ನರಸಾಪುರದಲ್ಲಂತೂ ಮಿಶನ್ನಿನ ಕೊಕ್ಕೆಸೂಜಿ ದೊಡ್ಡ ರಫ್ತಿನ ವ್ಯಾಪಾರವಾಯಿತು. 1982ರಲ್ಲಿ ಅಲ್ಲಿಯ ಹೆಂಗಸರನ್ನು ಕುರಿತು ಪುಸ್ತಕ ಬರೆದ ಮಾರಿಯಾ ಮೀಸ್ ತೋರಿಸಿದಂತೆ, ಹಗಲೆಲ್ಲ ದುಡಿದು ಪರದೇಶದ ಮೇಜುಗಳಿಗೆ ಲೇಸು ಕಳಿಸುತ್ತಿದ್ದವರನ್ನು ವ್ಯಾಪಾರಿಗಳು, ಸುಮ್ಮನೆ ಹೊತ್ತು ಕಳೆಯುವ ಗೃಹಿಣಿಯರೆಂದೇ ಲೆಕ್ಕ ಹಿಡಿದರು. ‘ಬಿಡುವಿನ ಕೆಲಸ’ವೆಂಬ ಮಾತು ಕೂಲಿಯನ್ನು ಇಳಿಸುವುದಕ್ಕೂ ಒದಗುವುದುಂಟು.

ನಮ್ಮ ಹಳ್ಳಿಗಳಲ್ಲಿ ಹಾಗಾಗಲಿಲ್ಲ. ಲೇಸು ಇಲ್ಲಿ ವ್ಯಾಪಾರವಾಗದೆ, ಶಾಲೆಯಲ್ಲಿ ಕಲಿತ ಹುಡುಗಿಯಿಂದ ಪಕ್ಕದ ಮನೆಯ ಹುಡುಗಿಗೆ ‘ಕ್ರೋಶಾ’ ಎಂಬ ಹೆಸರಿನಲ್ಲಿ ದಾಟಿತು. ‘ಲೇಸು’ ಎಂಬುದಕ್ಕೆ ಒಳ್ಳೆಯದೆಂಬ ಅರ್ಥ ಕನ್ನಡದಲ್ಲಿ ಮೊದಲಿನಿಂದಲೂ ಇದ್ದುದರಿಂದಲೋ ಏನೋ, ಆ ಶಬ್ದ ಹೊರಗಿನದೆಂದು ಬಹಳ ಜನಕ್ಕೆ ತೋರಲೇ ಇಲ್ಲ. ‘ಲಂಗಕ್ಕ ಲೇಸ್ ಹಚ್ಚ್ಯಾಳ’ ಎಂದರೆ ಲೇಸಾದದ್ದನ್ನೇ ಮಾಡಿದ್ದಾಳೆಂದು ಅಜ್ಜಿಯರು ನಕ್ಕರು. 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಹುಟ್ಟಿ, ಊರಿಗೊಂದೆರಡು ರೇಡಿಯೋಗಳು ಬಂದಾಗ, ಆ ಪೆಟ್ಟಿಗೆಗಳ ಮೇಲೆ ಬಿಳಿಯ ಕ್ರೋಶಾದ ಹೊದಿಕೆ ಬಿದ್ದಿತು. ಅದರ ಅಂಚಿನಲ್ಲಿ ಗಾಜಿನ ಮಣಿಗಳು ತೂಗಿದವು. ತಲಬಾಗಿಲಿಗೆ ಮಣಿಯ ತೋರಣ, ನೀರಿನ ತಂಬಿಗೆಗೆ ಮುಚ್ಚಳ, ಮಗುವಿಗೆ ಉಲನ್ನಿನ ಟೊಪ್ಪಿಗೆ. ಚಳಿಯೇ ಇಲ್ಲದ ನಾಡಿನಲ್ಲಿ ಉಲನ್ ಸ್ವೆಟರು ಏಕೆಂದು ಕೇಳುವವರು ಮಾರ್ಗಶಿರದ ಬೆಳಗಿನಲ್ಲಿ ಎರೆಹೊಲದ ಬದುವಿನ ಮೇಲೆ ನಿಂತವರಲ್ಲ. ಉಣ್ಣೆಯೇನೂ ಇಲ್ಲಿಗೆ ಹೊಸದಲ್ಲ. ಕುರಿಯ ಹಿಂದೆ ನಡೆಯುತ್ತಲೇ ಕದಿರು ತಿರುಗಿಸುವ ಹಾಲುಮತದ ಮುದುಕನಿಗೆ ನೂಲುವುದು ಕೆಲಸವೋ ಬಿಡುವೋ ಎಂದು ಕೇಳಿದರೆ ಅವನು ನಿಮ್ಮ ಮುಖವನ್ನು ನೋಡುವನೇ ಹೊರತು ಉತ್ತರಿಸಲಾರ.

ಕ್ರೋಶಾ ಬೆಳೆದ ಕಾಲದಲ್ಲಿಯೇ ಕಸೂತಿ ಸೊರಗಿತು. ಹುಡುಗಿಯರಿಗೆ ತಾಳ್ಮೆ ಹೋಯಿತೆಂದು ಹಳಬರು ದೂರುವುದನ್ನು ನಾನು ಒಪ್ಪಲಾರೆ. ನೂರಾರು ಕೊಂಡಿಗಳ ಹೊದಿಕೆಯನ್ನು ಹೆಣೆಯುವುದಕ್ಕೇನು ತಾಳ್ಮೆ ಬೇಡವೆ? ಕಾರಣ ಬಟ್ಟೆಯಲ್ಲಿದೆ. ಕಸೂತಿ ಬಟ್ಟೆಯ ಎಳೆಯನ್ನೇ ನಂಬಿ ಬದುಕುವ ಬಳ್ಳಿ; ಕೈಮಗ್ಗದ ಸೀರೆಯಲ್ಲಿ ಹಾಸು ಹೊಕ್ಕುಗಳು ಕಣ್ಣಿಗೆ ಕಾಣುವಷ್ಟು ದಿಟವಾಗಿದ್ದುದರಿಂದ ಎಣಿಕೆ ನಡೆಯಿತು. ಗಿರಣಿಯ ನಯವಾದ ವಾಯಿಲೂ, ಅನಂತರ ನಾಯ್ಲಾನೂ ಬಂದಾಗ ಎಳೆಯೇ ಕಾಣದಾಯಿತು, ಎಣಿಸುವುದೇನನ್ನು? ಇತ್ತ ಬೆಳವಲದ ಹತ್ತಿ ಕುಮಟೆಯ ಬಂದರಿನಿಂದ ಹಡಗು ಹತ್ತಿ ‘ಕುಮಟಾ’ ಎಂಬ ಹೆಸರಿನಲ್ಲಿ ಪರದೇಶಕ್ಕೆ ಹೋಗುತ್ತಿದ್ದಾಗಲೇ, 1880ರ ದಶಕದಲ್ಲಿ ಹುಬ್ಬಳ್ಳಿ ಗದಗುಗಳ ನಡುವೆ ಅಣ್ಣಿಗೇರಿಯ ಮೇಲೆ ಓಡತೊಡಗಿದ ರೈಲು ಗಿರಣಿಯ ಬಟ್ಟೆಯನ್ನು ಸಂತೆಗಳಿಗೆ ಸುಲಭವಾಗಿ ತಲುಪಿಸಿತು. ಕ್ರೋಶಾಕ್ಕೆ ಈ ಸಂಕಟವಿಲ್ಲ. ಅದು ಬಟ್ಟೆಯನ್ನು ಬೇಡುವುದಿಲ್ಲ. ಒಂದು ಉಂಡೆ ದಾರ, ಒಂದು ಕೊಕ್ಕೆ ಇದ್ದರೆ ತನ್ನ ಬಲೆಯನ್ನು ತಾನೇ ಹೆಣೆದುಕೊಳ್ಳುವುದು. ಈಗ ಹುಬ್ಬಳ್ಳಿ ಧಾರವಾಡಗಳಲ್ಲಿ ರೇಶಿಮೆಯ ಸೀರೆಗಳ ಮೇಲೆ ಕಸೂತಿ ಹಾಕುವವರು ಮೊದಲು ಜಾಳಾದ ಬಲೆಯ ಬಟ್ಟೆಯೊಂದನ್ನು ಮೇಲೆ ಹೊಲಿದುಕೊಂಡು, ಅದರ ಕಣ್ಣುಗಳನ್ನು ಎಣಿಸಿ ಚಿತ್ರ ತೆಗೆದು, ಕೊನೆಗೆ ಆ ಬಲೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವರು. ಕಸೂತಿಯೂ ಹೀಗೆ ತನ್ನ ಬಲೆಯನ್ನು ತಾನೇ ತರಬೇಕಾಯಿತು. ಈ ಕೆಲಸಕ್ಕೆ ಕೂಲಿಯುಂಟು, ಭೌಗೋಳಿಕ ಸೂಚಿಯೂ ಬಂದಿದೆ. ಮಗಳೊಡನೆ ಹೋಗುತ್ತಿದ್ದದ್ದು ಈಗ ಗಿರಾಕಿಯೊಡನೆ ಹೋಗುತ್ತದೆ.

ಹಳೆಯ ಚಂದ್ರಕಾಳಿಗಳ ಗತಿಯೇನಾಯಿತೆಂದರೆ, ಬಹುಪಾಲು ಕೌದಿಗಳಾದವು. ಹರಿದ ಧೋತರಗಳನ್ನು ಪದರ ಪದರವಾಗಿ ಒಳಗಿಟ್ಟು, ಹಳೆಯ ಸೀರೆಯ ತುಂಡುಗಳನ್ನು ಮೇಲೆ ಹಚ್ಚಿ, ಸಣ್ಣ ಸಣ್ಣ ಹೊಲಿಗೆಗಳ ಸಾಲುಗಳಿಂದ ಬಿಗಿಯುವ ಈ ಕೆಲಸಕ್ಕೆ ಎಣಿಕೆಯ ಕಾಟವಿಲ್ಲ. ನಾಲ್ಕು ಜನ ನಾಲ್ಕು ಮೂಲೆಗೆ ಕುಳಿತು ಊರ ಸುದ್ದಿಯನ್ನೆಲ್ಲ ಅದರೊಳಗೆ ಹೊಲಿಯಬಹುದು. ಕಲಘಟಗಿಯ ಆಚೆಯ ಕಾಡಿನ ಸಿದ್ದಿ ಹೆಂಗಸರು ಅಂಚಿನಿಂದ ಮೊದಲುಮಾಡಿ ನಡುವಿನ ಕಡೆಗೆ ಸುತ್ತುತ್ತ ಹೊಲಿದು, ಮೂಲೆಗಳಿಗೆ ‘ಫೂಲ’ವೆಂಬ ಮುಮ್ಮೂಲೆಯ ತುಂಡುಗಳನ್ನಿಟ್ಟು ಮುಗಿಸುವರು, ಬೆಳವಲದವರದು ಅಷ್ಟು ಶಾಸ್ತ್ರವಿಲ್ಲದ ನೇರ ಸಾಲು.

ಅತ್ತೆಯ ಸೀರೆಯ ಒಡಲು ಜೀರ್ಣವಾಗಿ, ಹಿಡಿದಲ್ಲಿ ಹರಿಯತೊಡಗಿದಾಗ, ಕಸೂತಿಯಿದ್ದ ಭಾಗ ಮಾತ್ರ ಎರಡೆರಡು ಸಲ ಓಡಿದ ರೇಶಿಮೆಯ ಬಲದಿಂದ ಗಟ್ಟಿಯಾಗಿ ಉಳಿದಿತ್ತು. ಮೊಮ್ಮಗಳು ಆ ಎರಡು ತುಳಸಿಕಟ್ಟೆಗಳನ್ನೂ ಒಂದು ಆನೆಯನ್ನೂ ಚೌಕವಾಗಿ ಕತ್ತರಿಸಿ ತನ್ನ ಮಗುವಿನ ಕೌದಿಯ ನಡುವೆ ಹಚ್ಚಿದ್ದಾಳೆ. ಮೊನ್ನೆ ಅದನ್ನು ತಂದು ನನ್ನ ತೊಡೆಯ ಮೇಲೆ ಹರವಿದಳು. ಹಳೆಯ ರೂಢಿಯಂತೆ ಬೆನ್ನು ನೋಡೋಣವೆಂದು ತಿರುವಿದೆ. ಅಡಿಗೆ ಹಳೆಯ ಧೋತರದ ಬಿಳಿಯ ಪದರವೊಂದೇ ಇತ್ತು.